ಗಂಟುಮೇಸ್ತ್ರಿ ವ್ಯಾನು ತುಂಬಿದ್ದು

ಮನೆ ಬದಲಾಯಿಸುವವರ ಸಾಮಾನು ಕಟ್ಟಿ ಸಾಗಿಸುವ ಕೆಲಸದಲ್ಲಿ ಗಂಟುಮೇಸ್ತ್ರಿಯಂಥವನು ಇನ್ನೊಬ್ಬನಿರಲಿಲ್ಲ. ಇದನ್ನು ಊರೂ ಹೇಳುತ್ತಿತ್ತು, ಅವನೂ ಹೇಳುತ್ತಿದ್ದ. ಮೊದಲು ಶುರು ಮಾಡಿದ್ದು ಯಾರೆಂದು ಈಗ ಪತ್ತೆ ಮಾಡುವುದು ಕಷ್ಟ. ಒಮ್ಮೆ ಸಂಗೀತದ ಮೇಡಂ ಒಬ್ಬರ ಮನೆ ಖಾಲಿ ಮಾಡಿಸುವಾಗ ಅವನು ಪಾತ್ರೆಗಳನ್ನೆಲ್ಲ ಪಿಯಾನೋದೊಳಗೆ ಇಟ್ಟ, ಪಾತ್ರೆಗಳೊಳಗೆ ಕಾಲುಚೀಲ ಇಟ್ಟ, ಕಾಲುಚೀಲದೊಳಗೆ ಚಮಚ ಇಟ್ಟ. ಲಾರಿ ಬೇಕಾಗುತ್ತದೆ ಎಂದುಕೊಂಡಿದ್ದ ಕಡೆ ಆಟೋದಲ್ಲಿ ಕೆಲಸ ಮುಗಿಯಿತು. ಮೇಡಂ ಹೊಸ ಮನೆಯಲ್ಲಿ ಆರು ತಿಂಗಳ ಮೇಲೂ ಪಿಯಾನೋ ಬಾರಿಸುತ್ತಾ ಮೇಲಿನ ಸ್ವರ ಮುಟ್ಟಿದರೆ ಒಂದು ಟೀ ಚಮಚ ಟಣ್ಣೆಂದು ಬೀಳುತ್ತಿತ್ತಂತೆ. ಕೇಳಲು ಬಂದವರು ಅದನ್ನೂ ರಾಗದ ಒಂದು ಭಾಗ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಅವನ ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದಳು. ಊರಿಗೆಲ್ಲ ವಿಚಾರಣೆ ಅಕ್ಕ. ಕೇಳಿದ್ದಕ್ಕೆ ಉತ್ತರ, ಅದರ ಮೇಲೆ ಒಂದಕ್ಷರ ಇಲ್ಲ. ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಎಲ್ಲಿ ಇಳಿಯಬೇಕು, ಇಳಿದ ಮೇಲೆ ಯಾವ ಕಡೆ ತಿರುಗಬೇಕು, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿ. ಬೇಸಿಗೆ ಬಂತೆಂದರೆ ಅರ್ಧ ಊರು ಕೇಳುತ್ತಿದ್ದುದು ಒಂದೇ ಪ್ರಶ್ನೆ.

“ದ್ವೀಪಕ್ಕೆ ಹೋಗೋದು ಹೇಗಮ್ಮಾ?”

“ಬಂದರಿನ ಬಸ್ಸು, ಅಲ್ಲಿಂದ ಹಡಗು.”

“ಚೆನ್ನಾಗಿದೆಯಾ ದ್ವೀಪ?”

“ತುಂಬಾ ಚೆನ್ನಾಗಿದೆ. ಮುಂದಿನವರು ಬನ್ನಿ.”

ಅಕ್ಕ ದ್ವೀಪವನ್ನು ಕಣ್ಣಲ್ಲಿ ಕಂಡಿರಲಿಲ್ಲ. ಹೋಗಿ ಬಂದವರು ಕಿಟಕಿಯ ಮುಂದೆ ನಿಂತು, “ನೀವು ಹೇಳಿದ್ದು ನಿಜ ಅಕ್ಕಾ, ಏನು ಸಮುದ್ರ, ಏನು ಗಾಳಿ!” ಎಂದು ಹೊಗಳುವಾಗ, ಸಮುದ್ರವನ್ನು ತಾನೇ ತೋಡಿಸಿದವಳಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಮನೆಗೆ ಬಂದು ಗಂಡನ ತಲೆ ತಿನ್ನುತ್ತಿದ್ದಳು. “ಊರಿಗೆಲ್ಲ ದಾರಿ ಹೇಳೋಳು ನಾನು. ನನ್ನನ್ನ ಒಂದ್ಸಲ ಆ ಹಡಗು ಹತ್ತಿಸ್ರೀ.”

ಅದಕ್ಕೇ ಅವರು ವ್ಯಾನು ಕೊಂಡದ್ದು, ಹಡಗಿಗೆ ಹತ್ತಿಸಿ ದ್ವೀಪದಲ್ಲಿ ಅದರಲ್ಲೇ ಇರೋಣವೆಂದು. ಮೊದಲು ಅದು ದನದ ಡಾಕ್ಟರ ಗಾಡಿಯಾಗಿತ್ತು. ತೊಳೆದು, ಉಜ್ಜಿ, ಬಣ್ಣ ಬಳಿದ ಮೇಲೂ ಬಿಸಿಲು ಜೋರಾದರೆ ಒಳಗೆ ಒಂದು ಆಡು ನಿಂತ ಹಾಗೆ ವಾಸನೆ ಬರುತ್ತಿತ್ತು. ಮೇಸ್ತ್ರಿ ಅದರೊಳಗೆ ಮಡಚುವ ಮಂಚ ಮಾಡಿದ, ಮಂಚದ ಕೆಳಗೆ ಮುಚ್ಚಳವಿರುವ ಉದ್ದನೆಯ ಪೆಟ್ಟಿಗೆ ಮಾಡಿದ, ಒಂದು ಪುಟ್ಟ ಒಲೆ ಕೂರಿಸಿದ. ಎಲ್ಲ ಮುಗಿದಾಗ ಉಳಿದ ಜಾಗದಲ್ಲಿ ಇಬ್ಬರು ಒಟ್ಟಿಗೆ ನಿಲ್ಲಬಹುದಿತ್ತು, ಒಬ್ಬರು ಉಸಿರು ಎಳೆದುಕೊಂಡಾಗ ಇನ್ನೊಬ್ಬರು ಬಿಡುವುದಾದರೆ.

ಗಾಡಿ ಓಡಿಸುವುದು ಅಕ್ಕನ ಪಾಲಿಗೆ ಬಂತು. ಮಗಳ ಹತ್ತಿರ ಕಲಿತಳು. ಕಲಿಯುವಾಗ ಬೀದಿಯ ಮೂರು ಹೂಕುಂಡಗಳು, ಒಂದು ಗೇಟು ಸ್ಥಳಾಂತರಗೊಂಡವು. ಆದರೆ ಕಲಿತಳು.

ಆಮೇಲೆ ಶುರುವಾಯಿತು ನೋಡಿ, ಸಾಮಾನು ತುಂಬುವ ಕೆಲಸ. ಕಳೆದ ವರ್ಷ ಕೆಟಲು ಎಲ್ಲಿಡಬೇಕು ಎಂದು ಮೇಸ್ತ್ರಿ ಇಟ್ಟ, ತೆಗೆದ, ಇಟ್ಟ, ತೆಗೆದ. ಕೆಟಲಿಗೆ ಸರಿಯಾದ ಜಾಗ ಸಿಗುವ ಹೊತ್ತಿಗೆ ಚಳಿಗಾಲ ಬಂದು, ಬೇಸಿಗೆಯಲ್ಲಿ ಮಾತ್ರ ಓಡುವ ಹಡಗು ನಿಂತಿತು. ಈ ವರ್ಷವೂ ಬೇಸಿಗೆಯೆಲ್ಲ ಅದೇ ಕಥೆ. ಈ ಸಲ ರಜಾಯಿ. ರೋಸಿಹೋದ ಅಕ್ಕ ಒಂದು ಸಂಜೆ ಊಟದ ಮೇಜಿನ ಮುಂದೆ, ಅಳಿಯನ ಎದುರಿಗೇ, ಮಾತು ಆಡಿಬಿಟ್ಟಳು.

“ಬರೋ ಭಾನುವಾರ ಈ ವರ್ಷದ ಕೊನೇ ಹಡಗು. ಮಧ್ಯಾಹ್ನ ಹೊರಡುತ್ತೆ. ಅದೂ ತಪ್ಪಿದ್ರೆ ವ್ಯಾನು ನಿಂದು ಕಣಪ್ಪಾ. ತಗೊಂಡು ಹೋಗು. ನನಗೆ ಅದನ್ನ ನೋಡೋದೇ ಬೇಡ.”

ಅಳಿಯ ಬೇಕರಿಯವನು. ಬನ್ನು ಸಾಗಿಸಲು ಬೇಕಾಗಿ ಆ ವ್ಯಾನಿನ ಮೇಲೆ ಅವನ ಕಣ್ಣು ಬಿದ್ದು ವರ್ಷವಾಗಿತ್ತು. ಬಾಯಲ್ಲಿದ್ದ ತುತ್ತು ನುಂಗುವುದನ್ನೂ ಮರೆತು, “ಛೆ ಛೆ, ಏನು ಮಾತು ಅತ್ತೆ, ನೀವು ಹೋಗಿಬನ್ನಿ” ಎಂದ. ಮಾರನೆಯ ದಿನವೇ ವ್ಯಾನಿನ ಬಾಗಿಲ ಅಗಲಕ್ಕೆ ಅಳತೆಯ ಟೇಪು ಹಿಡಿದು ನಿಂತಿದ್ದ. ಕೇಳಿದರೆ, ಧೂಳು ಒರೆಸುತ್ತಿದ್ದೆ ಎಂದ. ಟೇಪಿನಲ್ಲಿ.

ಶನಿವಾರ ಅಕ್ಕ ಮಗಳ ಮನೆಗೆ ಹೋದಳು, ಒಂದು ರಾತ್ರಿ ಇದ್ದು ಹೇಳಿಬರಲು. ಹೊರಡುವಾಗ ಬಾಗಿಲಲ್ಲಿ ನಿಂತು ಗಂಡನಿಗೆ ಬೆರಳು ತೋರಿಸಿ ಹೇಳಿದ್ದು ಇಷ್ಟೇ: “ಅಗತ್ಯದ ಸಾಮಾನು ತುಂಬಿಟ್ಟಿರಿ. ಅಗತ್ಯದ್ದು ಮಾತ್ರ. ನಾನು ಬರೋ ಹೊತ್ತಿಗೆ ಗಾಡಿ ತಯಾರಿರ್ಬೇಕು.”

“ನನಗೆ ಸಾಮಾನು ತುಂಬೋದು ಹೇಳಿಕೊಡ್ತೀಯಾ?” ಎಂದ ಮೇಸ್ತ್ರಿ. ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಗ್ಗೆ ಮಗಳು, ಅಳಿಯನ ಜೊತೆ ಅಕ್ಕ ಮನೆಗೆ ಬಂದಳು. ಅಳಿಯ ತಲೆಯ ಮೇಲೆ ಬನ್ನು ತುಂಬಿದ ಎರಡು ದೊಡ್ಡ ಟ್ರೇ ಹೊತ್ತಿದ್ದ. “ದಾರಿಗೆ ಇರಲಿ ಅಂತ” ಎಂದ. ದಾರಿಗೆ ಇಬ್ಬರು ತಿನ್ನಲು ಅದು ಬಹಳವಾಯಿತು, ಟ್ರೇ ವ್ಯಾನಿನೊಳಗೆ ಹಿಡಿಸುತ್ತದೋ ಇಲ್ಲವೋ ನೋಡಲು ಸರಿಯಾಗಿತ್ತು.

ಅಕ್ಕ ಮನೆಯ ಬಾಗಿಲು ತೆಗೆದಳು. “ರೀ” ಎಂದಳು.

“ರೀ… ರೀ… ರೀ…” ಎಂದಿತು ಮನೆ.

ಮನೆಯಲ್ಲಿ ಏನೂ ಇರಲಿಲ್ಲ. ಏನೂ ಎಂದರೆ ಏನೂ. ಸೋಫಾ ಇದ್ದ ಕಡೆ ನೆಲದ ಮೇಲೆ ನಾಲ್ಕು ಚುಕ್ಕೆ, ಫೋಟೊ ಇದ್ದ ಕಡೆ ಗೋಡೆಯಲ್ಲಿ ತೂತು. ಮೊಳೆಗಳನ್ನೂ ಕಿತ್ತುಕೊಂಡಿದ್ದ. ಅಡುಗೆಮನೆಯಲ್ಲಿ ಒಂದು ಇರುವೆ ಸಾಲು ಸಕ್ಕರೆ ಡಬ್ಬ ಇದ್ದ ಜಾಗದವರೆಗೆ ಬಂದು, ತಲೆಗೆ ತಲೆ ಹಚ್ಚಿ ಚರ್ಚೆ ನಡೆಸಿ, ವಾಪಸು ಹೋಗುತ್ತಿತ್ತು. ಬಚ್ಚಲಿಗೆ ಬಾಗಿಲಿರಲಿಲ್ಲ.

“ಅಯ್ಯಯ್ಯೋ, ಕಳ್ಳರು!” ಎಂದಳು ಮಗಳು.

“ಕಳ್ಳರು ಇಷ್ಟು ಚೊಕ್ಕಟವಾಗಿ ಗುಡಿಸಿ ಹೋಗಲ್ಲ” ಎಂದಳು ಅಕ್ಕ. ಹಿತ್ತಿಲಿಗೆ ಓಡಿದಳು.

ಹಿತ್ತಿಲಲ್ಲಿ ವ್ಯಾನು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕೂತಿತ್ತು. ಹೊಟ್ಟೆ ನೆಲಕ್ಕೆ ತಾಗಿ, ಅಕ್ಕಪಕ್ಕದ ತಗಡು ಉಬ್ಬಿ, ಮದುವೆ ಊಟ ಮುಗಿಸಿ ಬಂದವರ ಹಾಗೆ ಕಾಣುತ್ತಿತ್ತು. ಹಿಂಬಾಗಿಲ ಗಾಜಿನಿಂದ ನೋಡಿದರೆ ಸೋಫಾದ ಕಾಲಿನ ಸಂದಿಯಲ್ಲಿ ಮಿಕ್ಸಿ, ಮಿಕ್ಸಿಯ ಸಂದಿಯಲ್ಲಿ ಇಸ್ತ್ರಿಪೆಟ್ಟಿಗೆ, ಇಸ್ತ್ರಿಪೆಟ್ಟಿಗೆಯ ಹಿಡಿಯ ಸಂದಿಯಲ್ಲಿ ಸಾಲಾಗಿ ಬಟ್ಟೆಗೆ ಹಾಕುವ ಕ್ಲಿಪ್ಪು. ಬೀರು ಇತ್ತು. ಫ್ರಿಜ್ ಇತ್ತು. ಅಕ್ಕನ ಮದುವೆಯ ಫೋಟೊ ಗಾಜಿಗೆ ಒತ್ತಿಕೊಂಡು ಹೊರಗೆ ನೋಡುತ್ತಿತ್ತು. ಅದರಲ್ಲಿದ್ದ ಮೇಸ್ತ್ರಿ ಆಗಲೇ ಸ್ವಲ್ಪ ಉಸಿರು ಕಟ್ಟಿದವನಂತೆ ಕಾಣುತ್ತಿದ್ದ. ಇಡೀ ವ್ಯಾನಿನಲ್ಲಿ ಒಂದು ಬೆಂಕಿಕಡ್ಡಿ ತೂರಿಸಲು ಸಂದಿ ಇರಲಿಲ್ಲ.

“ರೀ! ಎಲ್ಲಿದೀರಾ?”

“ಇಲ್ಲಿ” ಎಂದಿತು ವ್ಯಾನು.

ಅಕ್ಕ ಪಕ್ಕದ ಪುಟ್ಟ ಗಾಳಿಕಿಂಡಿಗೆ ಕಣ್ಣು ಹಚ್ಚಿದಳು. ಒಳಗೆ ಕತ್ತಲು. ಕತ್ತಲಲ್ಲಿ ಒಂದು ಮೀಸೆ.

“ಬಂದ್ಯಾ? ನೋಡಿದ್ಯಾ? ಹೇಗಿದೆ?” ಎಂದಿತು ಮೀಸೆ, ತುಂಬಾ ಸಂತೋಷದಿಂದ. “ನನ್ನ ಜೀವಮಾನದಲ್ಲೇ ಇಂಥಾ ಲೋಡು ಕಟ್ಟಿಲ್ಲ ಕಣೇ. ಒಂದು ನಗ, ಒಂದೇ ಒಂದು ಸಾಮಾನು ಬಿಟ್ಟಿಲ್ಲ. ಬಚ್ಚಲ ಬಾಗಿಲೂ ಬಂದಿದೆ.”

“ಅಗತ್ಯದ್ದು ಮಾತ್ರ ತುಂಬಿ ಅಂದಿದ್ನಲ್ರೀ!”

“ಅಗತ್ಯದ್ದೇ ತುಂಬಿರೋದು. ಅಗತ್ಯ ಇಲ್ದಿದ್ರೆ ಅದು ಮನೇಲಿ ಯಾಕಿರುತ್ತೆ?”

ಅಕ್ಕನಿಗೆ ಸಿಟ್ಟು ಬರುವ ಮೊದಲು ಅರ್ಥವಾಯಿತು, ಅರ್ಥವಾದದ್ದರಿಂದ ಸಿಟ್ಟು ಇನ್ನೂ ಜಾಸ್ತಿ ಬಂತು. ಸಾಮಾನು ಸಾಗಿಸುವವನ ಕಸುಬೇ ಅದು. ಗಿರಾಕಿಯ ಮನೆಯಲ್ಲಿ ಒಂದು ಗುಂಡುಪಿನ್ನು ಬಿಟ್ಟುಬಂದರೂ ಮಾನ ಹೋದಂತೆ. ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವ ಕೆಲಸ ಅವನಿಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ. ಕೊಟ್ಟವಳು ಅಕ್ಕನೇ ಮೊದಲು.

“ಸರಿ, ಈಗ ಹೊರಗೆ ಬನ್ನಿ.”

ಮೀಸೆಯ ತುದಿಗಳು ಇಳಿದವು.

“ಅದೇ ನೋಡು,” ಎಂದಿತು, “ಒಳಗಿಂದ ಕಟ್ಟಿಕೊಂಡು ಬಂದೆ. ಹಾಗೆ ಕಟ್ಟಿದ್ರೇನೆ ಬಿಗಿ ಬರೋದು. ಕೊನೇಲಿ ಒಂದು ಸಂದಿ ಉಳೀತು. ನನ್ನಷ್ಟೇ ಅಗಲ, ನನ್ನಷ್ಟೇ ಎತ್ತರ. ಸಂದಿ ಬಿಟ್ರೆ ಲೋಡು ಅಲ್ಲಾಡುತ್ತಲ್ಲ, ಅದಕ್ಕೆ ನಾನೇ ನಿಂತ್ಕೊಂಡೆ. ಈಗ ನಾನು ಅಲ್ಲಾಡಿದ್ರೆ ಬೀರು ಬರುತ್ತೆ. ಬೀರು ಬಂದ್ರೆ ಫ್ರಿಜ್ಜು. ಫ್ರಿಜ್ಜಿನ ಹಿಂದೆ ನಿಮ್ಮಮ್ಮನ ಗಾಜಿನ ಲೋಟಗಳಿವೆ.”

“ಯಾವಾಗಿಂದ ನಿಂತಿದೀರಾ?”

“ಹಾಲಿನವನು ಬಂದು ಹೋದ. ಹಾಲು ಬೇಡ ಅಂದೆ. ವ್ಯಾನು ಮಾತಾಡ್ತು ಅಂತ ಓಡಿಹೋದ.”

ಅಳಿಯ ಅಷ್ಟು ಹೊತ್ತಿಗೆ ಟ್ರೇಗಳನ್ನು ಕೆಳಗಿಟ್ಟು ವ್ಯಾನಿನ ಸುತ್ತ ಒಂದು ಸುತ್ತು ಬಂದಿದ್ದ. ಮುಖದಲ್ಲಿ ದುಃಖ ತಂದುಕೊಳ್ಳಲು ಅವನು ಪಟ್ಟ ಪಾಡು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು.

“ಏನು ಮಾಡೋಕಾಗುತ್ತೆ ಅತ್ತೆ? ಮಾವನವರ ಜೀವಕ್ಕಿಂತ ಹಡಗು ದೊಡ್ಡದಾ? ನಿಧಾನವಾಗಿ ತೆಗೆಯೋಣ. ಇವತ್ತು, ನಾಳೆ… ಬುಧವಾರದ ಹೊತ್ತಿಗೆ ಆರಾಮಾಗಿ ಆಚೆ ಬರ್ತಾರೆ.”

“ರೀ, ನೀವು ಸ್ವಲ್ಪ ಸುಮ್ಮನಿರ್ತೀರಾ?” ಎಂದಳು ಮಗಳು ಅವನಿಗೆ.

ಗದ್ದಲ ಕೇಳಿ ಎದುರು ಮನೆಯ ಹಲ್ಲಿನ ಡಾಕ್ಟರಮ್ಮ ಬಂದರು. ನಿವೃತ್ತರಾಗಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಬೀದಿಯಲ್ಲಿ ಯಾರು ಆಕಳಿಸಿದರೂ ಬಗ್ಗಿ ನೋಡುತ್ತಿದ್ದರು. ಹಿಂಬಾಗಿಲ ಗಾಜಿನಿಂದ ಬಹಳ ಹೊತ್ತು ಪರೀಕ್ಷೆ ಮಾಡಿ, ಲೊಚಗುಟ್ಟಿ ಹೇಳಿದರು: “ಒಂದರ ಮೇಲೊಂದು ಬೆಳೆದುಬಿಟ್ಟಿವೆ. ಮುಂದಿನದು ಮುಟ್ಟಬೇಡಿ. ಹಿಂದಿನ ದವಡೆಯಿಂದ ಶುರು ಮಾಡಿ, ಅಲ್ಲಾಡಿಸಿ ಅಲ್ಲಾಡಿಸಿ ಕೀಳಬೇಕು. ನೋವಾದ್ರೆ ಕೈ ಎತ್ತೋಕೆ ಹೇಳಿ ಅವರಿಗೆ.”

“ಕೈ ಎತ್ತೋಕೆ ಜಾಗ ಇಲ್ಲ ಡಾಕ್ಟ್ರೇ” ಎಂದಿತು ವ್ಯಾನು.

ಅಕ್ಕ ಬೀದಿಯ ತುದಿಯಲ್ಲಿದ್ದ ಅಂಚೆ ಕಚೇರಿಯ ಗಡಿಯಾರ ನೋಡಿದಳು. ಬಂದರಿಗೆ ಎಷ್ಟು ಹೊತ್ತಿನ ದಾರಿ ಎನ್ನುವುದು ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಸೆರಗು ಬಿಗಿದಳು. ಬೇಲಿಯ ಆಚೆ ತಮಾಷೆ ನೋಡಲು ಸೇರಿದ್ದ ಜನರ ಕಡೆ ತಿರುಗಿ, ಬಸ್ ನಿಲ್ದಾಣದಲ್ಲಿ ನೂಕುನುಗ್ಗಲಾದಾಗ ತೆಗೆಯುತ್ತಿದ್ದ ಆ ದನಿ ತೆಗೆದಳು.

“ಸಾಲಾಗಿ ನಿಂತ್ಕೊಳ್ಳಿ!”

ಆ ದನಿಗೆ ಇಡೀ ಊರು ಎಷ್ಟೋ ವರ್ಷದಿಂದ ಸಾಲಾಗಿ ನಿಂತಿತ್ತು. ಯಾಕೆಂದು ಕೇಳುವ ಮೊದಲೇ ಕಾಲುಗಳು ತಾವಾಗಿ ಸಾಲಿಗೆ ಬಂದವು. ವ್ಯಾನಿನ ಹಿಂಬಾಗಿಲಿನಿಂದ ಮನೆಯ ಹಿಂಬಾಗಿಲಿನವರೆಗೆ ಜನ. ಪೇಪರ್ ಹಾಕುವವನು ಸೈಕಲ್ಲಿನಿಂದ ಇಳಿಯದೆಯೇ ಸಾಲಿನಲ್ಲಿ ನಿಂತ.

“ನಾನು ಕೊಡ್ತೀನಿ, ನೀವು ದಾಟಿಸ್ತಾ ಹೋಗಿ. ಮನೆಯೊಳಗೆ ಎಲ್ಲಾದರೂ ಇಡಿ. ಎಲ್ಲಿ ಅಂತ ಯಾರೂ ಕೇಳ್ಬೇಡಿ.” ಹಿಂಬಾಗಿಲು ತೆಗೆದಳು. ಒಳಗಿನ ಮೀಸೆಗೆ ಕೂಗಿದಳು. “ರೀ! ಒಂದೊಂದಾಗಿ ಕೇಳ್ತೀನಿ. ಕೇಳಿದ್ದಕ್ಕೆ ಮಾತ್ರ ಉತ್ತರ. ಈ ಸೋಫಾ ತೆಗೆದ್ರೆ ಏನು ಬೀಳುತ್ತೆ?”

“ಸೋಫಾ ಯಾಕೇ? ದ್ವೀಪದಲ್ಲಿ ಯಾರಾದ್ರೂ ಮನೆಗೆ ಬಂದ್ರೆ?”

“ಏನು ಬೀಳುತ್ತೆ?”

“…ಏನೂ ಬೀಳಲ್ಲ.”

“ಸೋಫಾ! ಮುಂದಿನದು. ಈ ಮಿಕ್ಸಿ?”

“ಮಿಕ್ಸಿ ಬಿಟ್ಟು ಹೇಗೇ—”

“ಮಿಕ್ಸಿ! ಮುಂದಿನದು.”

ಹೀಗೆ ಶುರುವಾಯಿತು. ಇಸ್ತ್ರಿಪೆಟ್ಟಿಗೆ ಹೋಯಿತು, ಟೇಬಲ್ ಫ್ಯಾನು ಹೋಯಿತು, ಕಿಟಕಿಯ ಪರದೆ ಹೋಯಿತು. ಪರದೆಯೊಳಗೆ ಸುತ್ತಿಟ್ಟಿದ್ದ ಉಪ್ಪಿನ ಜಾಡಿ ಹೋಯಿತು. ಉಪ್ಪಿನ ಜಾಡಿಯೊಳಗೆ ಹೂತಿಟ್ಟಿದ್ದ ಗೋಡೆಯ ಮೊಳೆಗಳು ಹೋದವು. ಸಾಲಿನ ತುದಿಯಲ್ಲಿದ್ದವರು ಮನೆಯೊಳಗೆ ತಮಗೆ ತೋಚಿದ ಹಾಗೆ ಇಡುತ್ತಿದ್ದರು. ದಿಂಬುಗಳು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿದವು, ಬಾಣಲೆಗಳು ಮಲಗುವ ಕೋಣೆಯಲ್ಲಿ. ಬೀದಿಗೆ ಬೀದಿಯೇ ನಗುತ್ತಿತ್ತು. ಯಾರೋ ಹಾಡು ಹೇಳತೊಡಗಿದರು, ಅದರ ತಾಳಕ್ಕೆ ತಟ್ಟೆಗಳು ಕೈಯಿಂದ ಕೈಗೆ ಹಾರಿದವು. ಒಂದು ತಟ್ಟೆಯೂ ಒಡೆಯಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಒಂದು ಒಡೆಯಿತು ಎಂದಿಟ್ಟುಕೊಳ್ಳೋಣ.

ಆದರೂ ಎಷ್ಟು ತೆಗೆದರೂ ವ್ಯಾನು ಖಾಲಿಯಾಗುತ್ತಿರಲಿಲ್ಲ. ಯಾಕೆಂದು ಕಂಡುಹಿಡಿದವಳು ಮಗಳು.

“ರೀ, ಆ ಕುಕ್ಕರನ್ನ ನಾನು ಮೂರನೇ ಸಲ ನೋಡ್ತಿದೀನಿ.”

ಅಳಿಯ ಕುಕ್ಕರು ಅಪ್ಪಿಕೊಂಡು, ಮನೆಯ ಕಡೆಯಿಂದ ವ್ಯಾನಿನ ಕಡೆಗೆ, ಬೇಲಿಯ ಮರೆಯಲ್ಲಿ ಬಗ್ಗಿ ಬರುತ್ತಿದ್ದ. ಪಕ್ಕದ ಬಾಗಿಲಿನಿಂದ ಅವನು ಒಳಗೆ ತುಂಬುತ್ತಿದ್ದ, ಹಿಂಬಾಗಿಲಿನಿಂದ ಅವನ ಅತ್ತೆ ತೆಗೆಯುತ್ತಿದ್ದಳು. ಹೀಗೇ ಬಿಟ್ಟಿದ್ದರೆ ಆ ಕುಕ್ಕರು ಈಗಲೂ ಸುತ್ತುತ್ತಿತ್ತು.

“ಇದು… ಅಗತ್ಯದ್ದೇನೋ ಅಂತ…” ಎಂದ ಅಳಿಯ.

“ಇಡಿ ಕೆಳಗೆ. ಹೋಗಿ ಅಲ್ಲಿ ನಿಂತ್ಕೊಳ್ಳಿ. ಏನೂ ಮುಟ್ಟಬೇಡಿ” ಎಂದಳು ಮಗಳು, ಅಮ್ಮನ ದನಿಯಲ್ಲೇ. ಅವನು ಟ್ರೇ ಇಟ್ಟಿದ್ದ ಕಡೆಗೆ ಮುಖ ಸಣ್ಣ ಮಾಡಿಕೊಂಡು ಹೋದ. ಅಂಥ ಹೊತ್ತಿನಲ್ಲೂ ಕಿಸೆಯಲ್ಲಿ ಅಳತೆಯ ಟೇಪು ಕೈಗೆ ತಾಗಿ ಸ್ವಲ್ಪ ಸಮಾಧಾನವಾಯಿತು ಅವನಿಗೆ.

ಆಮೇಲೆ ಕೆಲಸ ಸರಸರ ಸಾಗಿತು. ಗಾಜಿನ ಲೋಟಗಳನ್ನು ಹಲ್ಲಿನ ಡಾಕ್ಟರಮ್ಮ ಒಂದೊಂದಾಗಿ, ಎರಡು ಬೆರಳಲ್ಲಿ ಹಿಡಿದು ತೆಗೆದು, ಪ್ರತಿಯೊಂದಕ್ಕೂ “ಆಯ್ತು, ಆಯ್ತು, ಮುಗೀತು” ಎಂದು ಸಮಾಧಾನ ಹೇಳಿದರು. ಫ್ರಿಜ್ಜನ್ನು ಆರು ಜನ ಇಳಿಸಿದರು, ಬೀರುವನ್ನು ಎಂಟು ಜನ. ಬೀರು ಆಚೆ ಬರುತ್ತಲೇ ವ್ಯಾನು ಒಂದು ನಿಟ್ಟುಸಿರು ಬಿಟ್ಟು ಮೊಣಕಾಲೂರಿ ಎದ್ದು ನಿಂತಿತು.

ಮಧ್ಯದಲ್ಲಿ ಗಂಟುಮೇಸ್ತ್ರಿ ನಿಂತಿದ್ದ. ಕೈ ದೇಹಕ್ಕೆ ಅಂಟಿಸಿಕೊಂಡು, ಒಂದು ಕಾಲು ಮಡಚಿ, ಕತ್ತು ಓರೆ ಮಾಡಿ, ಯಾವ ಸಂದಿಯಲ್ಲಿ ನಿಂತಿದ್ದನೋ ಆ ಸಂದಿಯ ಆಕಾರದಲ್ಲೇ. ಮೈಗೆ ತಾಗುವಂತೆ ಈಗ ಏನೂ ಇರಲಿಲ್ಲ.

“ಬನ್ನಿ, ಬನ್ನಿ, ಹೊತ್ತಾಯ್ತು!” ಎಂದಳು ಅಕ್ಕ. “ಮುಂದೆ ಕೂತ್ಕೊಳ್ಳಿ. ಹೊರಡೋಣ.”

ಮೇಸ್ತ್ರಿ ಅಲ್ಲಾಡಲಿಲ್ಲ. ಮೀಸೆ ಮಾತ್ರ ಸ್ವಲ್ಪ ನಡುಗಿತು.

“ನಾನು ಬರಲ್ಲ ಕಣೇ. ನೀನು ಹೋಗಿ ಬಾ.”

ಸಾಲಿನವರೆಲ್ಲ ಕತ್ತು ಚಾಚಿದರು. ಹಾಡುತ್ತಿದ್ದವನೂ ನಿಲ್ಲಿಸಿದ. ಅಕ್ಕ ಅಂಚೆ ಕಚೇರಿಯ ಗಡಿಯಾರದ ಕಡೆ ನೋಡಲಿಲ್ಲ, ನೋಡಬಾರದೆಂದು ಕತ್ತು ಬಿಗಿಹಿಡಿದಳು. ವ್ಯಾನು ಹತ್ತಿ ಗಂಡನ ಎದುರಿಗೆ ನಿಂತಳು. ಅವಳು ಉಸಿರು ಎಳೆದುಕೊಂಡಳು, ಅವನು ಬಿಟ್ಟ.

“ಯಾಕೆ?”

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಅಭ್ಯಾಸ ಆ ಬೆಳಗ್ಗೆ ಅವನಿಗೂ ಬಂದಿತ್ತು.

“ನಾನು ಎಷ್ಟೋ ಊರಿಗೆ ಹೋಗಿದೀನಿ. ಎಲ್ಲಾ ಕಡೆನೂ ಸಾಮಾನಿನ ಜೊತೆ. ಲಾರಿಯ ಹಿಂದೆ ಲೋಡಿನ ಪಕ್ಕ ಕೂತು ಹೋಗೋದು, ಇಳಿಸೋದು, ಬರೋದು. ಒಂದು ಊರನ್ನೂ ತಿರುಗಿ ನೋಡಿಲ್ಲ. ಸಾಮಾನೇ ಇಲ್ಲ ಅಂದ್ಮೇಲೆ, ಅಲ್ಲಿ ಹೋಗಿ ನಾನೇನು ಮಾಡ್ಲಿ? ಕೈ ಎಲ್ಲಿಟ್ಕೊಳ್ಲಿ? ಅದಕ್ಕೇ ಕೆಟಲು, ರಜಾಯಿ ಅಂತ ದಿನ ತಳ್ಳಿದ್ದು. ಅಗತ್ಯ ಇರೋದನ್ನೆಲ್ಲ ನೀನು ಇಳಿಸಿಬಿಟ್ಟೆ. ನನ್ನನ್ನೂ ಅದರ ಜೊತೆ ಇಳಿಸಿಬಿಡು.”

ಅಕ್ಕನಿಗೆ ಬೈಯಲು ಬಾಯಿ ತುಂಬಾ ಮಾತಿತ್ತು. ಬೈಯಲಿಲ್ಲ. ಗಂಡನ ಮೈಗಂಟಿದ ಕೈಯನ್ನು ಬಿಡಿಸಿದಳು, ಮಡಚುವ ಮಂಚ ಬಿಡಿಸಿದ ಹಾಗೆ.

“ನನ್ನನ್ನ ನೋಡಿ. ತೂಕ ಎಷ್ಟಿರಬಹುದು?”

“ಏನೇ ಇದು, ಜನರ ಮುಂದೆ?”

“ತೂಕ ಎಷ್ಟಿರಬಹುದು, ಕಸುಬಿನವರ ಕಣ್ಣಲ್ಲಿ ಹೇಳಿ.”

ಮೇಸ್ತ್ರಿ ಅಭ್ಯಾಸಬಲದಿಂದ ಓರೆ ಕತ್ತಿನಲ್ಲೇ ಮೇಲಿಂದ ಕೆಳಗೆ ನೋಡಿದ. “ಒಬ್ಬರೇ ಎತ್ತೋಕಾಗಲ್ಲ” ಎಂದ, ಪ್ರಾಮಾಣಿಕವಾಗಿ.

“ಒಡೆಯೋ ಸಾಮಾನಾ, ಒಡೆಯದೇ ಇರೋದಾ?”

“ಒಡೆಯೋದು” ಎಂದ ಮೇಸ್ತ್ರಿ, ಈ ಸಲ ಮೆತ್ತಗೆ.

“ಹಾಗಾದ್ರೆ ಲೋಡು ನಾನೇ. ಒಂದೇ ನಗ. ದ್ವೀಪಕ್ಕೆ ತಲುಪಿಸ್ಬೇಕು, ಮಧ್ಯಾಹ್ನದ ಹಡಗಿಗೆ. ಆಗುತ್ತೋ, ಆಗಲ್ವೋ? ಆಗಲ್ಲ ಅಂದ್ರೆ ಬೇರೆಯವರನ್ನ ಕೇಳ್ತೀನಿ.”

ಬೇರೆಯವರನ್ನು! ಆ ಮಾತು ಮೇಸ್ತ್ರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಕತ್ತು ನೆಟ್ಟಗಾಯಿತು. ಮಡಚಿದ ಕಾಲು ಬಿಚ್ಚಿಕೊಂಡಿತು. ಮೀಸೆಯ ಎರಡೂ ತುದಿ ಮೇಲೆದ್ದವು.

“ಯಾರದು ಅಲ್ಲಿ ನಿಂತಿರೋದು! ಹಗ್ಗ ತನ್ನಿ! ರಜಾಯಿ ಎಲ್ಲಿ? ದಿಂಬು, ದಿಂಬು ಕೊಡಿ!”

ಬೀದಿಗೆ ಬೀದಿಯೇ ಮತ್ತೆ ಕುಣಿಯತೊಡಗಿತು. ಮೇಸ್ತ್ರಿ ಅಕ್ಕನನ್ನು ಕೈಹಿಡಿದು ತಂದು ಸ್ಟೇರಿಂಗಿನ ಮುಂದೆ ಕೂರಿಸಿದ, ಸೊಂಟಕ್ಕೆ ದಿಂಬು ಒತ್ತಿದ, ಎಡಬಲಕ್ಕೆ ರಜಾಯಿ ತುರುಕಿದ, ಬೆಲ್ಟಿನ ಮೇಲೊಂದು ಹಗ್ಗ ಎಳೆದು ತನ್ನ ಪ್ರಸಿದ್ಧ ಗಂಟು ಹಾಕಿದ. ಹೆಗಲನ್ನು ಎರಡು ಸಲ ತಟ್ಟಿ ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡ.

“ರೀ, ಗೇರು ಹಾಕೋಕೆ ಒಂದು ಕೈ ಬೇಕಲ್ರೀ!”

“ಒಂದು ಕೈ ಬಿಟ್ಟಿದೀನಿ. ಇನ್ನೊಂದು ಯಾಕೆ?”

ಕೊನೆಗೆ ಎರಡೂ ಕೈ ಬಿಟ್ಟ. ಹಿಂದಕ್ಕೆ ಓಡಿದ. ವ್ಯಾನಿನಲ್ಲಿ ಪುಟ್ಟ ಒಲೆ, ಒಂದು ಬಾಣಲೆ, ಛತ್ರಿ, ಬಚ್ಚಲ ಬಾಗಿಲು ಉಳಿದಿದ್ದವು. ಬಚ್ಚಲ ಬಾಗಿಲನ್ನು ಇಳಿಸಲು ಯಾರಿಗೂ ನೆನಪಾಗಿರಲಿಲ್ಲ, ಅದು ಗೋಡೆಯ ಹಾಗೇ ನಿಂತಿತ್ತು. ಇಷ್ಟು ಕಡಿಮೆ ಲೋಡು ಅವನು ಕನಸಲ್ಲೂ ಕಟ್ಟಿರಲಿಲ್ಲ. ನೋಡಲು ಕಷ್ಟವಾಯಿತು, ಕಣ್ಣು ಮುಚ್ಚಿಕೊಂಡೇ ಕಟ್ಟಿದ. ಮಂಚದ ಕೆಳಗಿನ ಪೆಟ್ಟಿಗೆಯ ಮುಚ್ಚಳ ತೆರೆದಿದ್ದದ್ದು ಕೈಗೆ ತಾಗಿತು. ತೆರೆದ ಮುಚ್ಚಳ ಕಂಡರೆ ಅವನಿಗೆ ಆಗದು. ದಡ್ಡನೆ ಮುಚ್ಚಿ, ಹಗ್ಗ ಸುತ್ತಿ ಬಿಗಿದು, ಓಡಿಬಂದು ಮುಂದೆ ಕೂತ. ಲಾರಿಯ ಮುಂದಿನ ಸೀಟಿನಲ್ಲಿ ಅವನು ಕೂತವನೇ ಅಲ್ಲ. ಎದುರಿಗೆ ಇಷ್ಟು ದೊಡ್ಡ ಗಾಜು ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಅಮ್ಮಾ, ಹುಷಾರು! ಅಪ್ಪಾ, ಹುಷಾರು!” ಎಂದು ಮಗಳು ಕೂಗುತ್ತಿದ್ದಂತೆ ಅಕ್ಕ ಗಾಡಿ ಎಬ್ಬಿಸಿದಳು. ಬೀದಿಯಲ್ಲಿ ಉಳಿದಿದ್ದ ಕೊನೆಯ ಹೂಕುಂಡವೂ ಸ್ಥಳಾಂತರಗೊಂಡಿತು.

ದಾರಿಯಲ್ಲಿ ಅಕ್ಕ ಯಾರನ್ನೂ ಏನೂ ಕೇಳಲಿಲ್ಲ. ಯಾವ ತಿರುವಿನಲ್ಲಿ ತಿರುಗಬೇಕು, ಯಾವ ಸೇತುವೆಯಲ್ಲಿ ಲಾರಿಗಳು ನಿಂತಿರುತ್ತವೆ, ಅದನ್ನು ತಪ್ಪಿಸಲು ಯಾವ ಶಾಲೆಯ ಹಿಂದಿನಿಂದ ಹೋಗಬೇಕು, ಎಲ್ಲವನ್ನೂ ಊರಿಗೆ ಹೇಳಿ ಹೇಳಿ ಅವಳ ಕೈಗೇ ಬಾಯಿಪಾಠವಾಗಿತ್ತು. ಹಿಂದಿನಿಂದ ಆಗಾಗ ದಬದಬ ಸದ್ದು ಬರುತ್ತಿತ್ತು.

“ಬಾಗಿಲು ಬಡಿತಿದೆ” ಎಂದ ಮೇಸ್ತ್ರಿ, ನಾಚಿಕೆಯಿಂದ. “ಲೋಡು ಕಡಿಮೆ ಆದ್ರೆ ಹಾಗೇ.”

ಬಂದರಿಗೆ ಬಂದಾಗ ಹಡಗಿನವರು ಆಗಲೇ ಗಾಡಿ ಹತ್ತಿಸುವ ಹಲಗೆ ಎತ್ತತೊಡಗಿದ್ದರು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಒಂದೇ ಮಾತು ಕೂಗಿದಳು, “ಸಾಲಲ್ಲಿ ಇನ್ನೊಬ್ಬರಿದ್ದಾರೆ!” ಆ ದನಿಗೆ ಹಲಗೆ ಮತ್ತೆ ಕೆಳಗಿಳಿಯಿತು. ವ್ಯಾನು ಒಳಗೆ ನುಗ್ಗಿತು, ಹಲಗೆ ಎದ್ದಿತು, ಹಡಗು ಭೋಂ ಎಂದಿತು.

ಮೇಸ್ತ್ರಿ ಗಂಟು ಬಿಚ್ಚಿದ. ರಜಾಯಿಯೊಳಗಿನಿಂದ ಹೊರಬಂದ ಅಕ್ಕ ಕಟಕಟೆ ಹಿಡಿದು ನಿಂತಳು. ದಡ ಹಿಂದೆ ಸರಿಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಶುರು ಮಾಡಿದ್ದಳು, ಅಷ್ಟರಲ್ಲಿ ಮತ್ತೆ ದಬದಬ ಸದ್ದು.

“ಗಾಡಿ ನಿಂತಿದೆ. ಈಗ್ಯಾಕೆ ಬಾಗಿಲು ಬಡಿಯುತ್ತೆ?” ಎಂದಳು.

ಇಬ್ಬರೂ ಹೋಗಿ ಮಂಚದ ಕೆಳಗಿನ ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಮುಚ್ಚಳ ತಾನೇ ಎದ್ದಿತು. ಒಳಗೆ ಅಳಿಯ. ಎರಡು ಟ್ರೇಗಳ ನಡುವೆ ಉದ್ದಕ್ಕೆ ಮಲಗಿದ್ದ, ಕೈಯಲ್ಲಿ ಟೇಪು, ಕೆನ್ನೆಗೆ ಅಂಟಿದ ಒಂದು ಬನ್ನು. ಎಲ್ಲರೂ ಅತ್ತೆಯನ್ನು ಸೀಟಿಗೆ ಕಟ್ಟುವುದು ನೋಡುತ್ತಿದ್ದ ಹೊತ್ತಿಗೆ, ಗಾಡಿ ಹೋಗಿಬಿಡುವ ಮೊದಲು ಪೆಟ್ಟಿಗೆಯಲ್ಲಿ ಟ್ರೇ ಎಷ್ಟು ಹಿಡಿಸುತ್ತದೆ ನೋಡಲು ಇಳಿದಿದ್ದನಂತೆ.

“ಎರಡು ಹಿಡಿಸುತ್ತೆ” ಎಂದ, ಪಿಳಿಪಿಳಿ ಕಣ್ಣು ಬಿಡುತ್ತಾ. ಆಮೇಲೆ ಕಿಟಕಿಯಿಂದ ನೀರು ಕಂಡಿತು. “ಅತ್ತೆ! ಹಡಗಾ? ನನ್ನ ಒಲೇಲಿ ಬ್ರೆಡ್ಡಿದೆ ಅತ್ತೆ!”

“ವಾಪಸು ಬರೋ ಹಡಗು ಯಾವಾಗ?” ಎಂದು ಮೇಸ್ತ್ರಿ ಹೆಂಡತಿಯನ್ನು ಕೇಳಿದ.

“ಹತ್ತು ದಿನ ಬಿಟ್ಟು. ಅಲ್ಲೀವರೆಗೆ ಇದು ದ್ವೀಪದಲ್ಲೇ ನಿಂತು, ಆಮೇಲೆ ಅಲ್ಲಿರೋರನ್ನ ಕರ್ಕೊಂಡು ಬರೋಕೆ ಮಾತ್ರ ಒಂದ್ಸಲ ಓಡುತ್ತೆ.”

ಅಕ್ಕ ಮಗಳಿಗೆ ಫೋನ್ ಮಾಡಿದಳು. ಮಗಳು ಎಲ್ಲ ಕೇಳಿ, ತುಂಬಾ ಹೊತ್ತು ನಕ್ಕು, ಹೇಳಿದಳು: “ಬ್ರೆಡ್ಡು ನಾನು ತೆಗೀತೀನಿ ಬಿಡಮ್ಮಾ. ಅವರನ್ನ ಅಲ್ಲೇ ಇಟ್ಕೊಳ್ಳಿ. ಹತ್ತು ದಿನ ಮನೆ ಎಷ್ಟು ದೊಡ್ಡದಾಗುತ್ತೆ ನೋಡ್ತೀನಿ.”

ಮೇಸ್ತ್ರಿ ಅಳಿಯನನ್ನು ತಲೆಯಿಂದ ಕಾಲಿನವರೆಗೆ, ಭುಜದಿಂದ ಭುಜಕ್ಕೆ ಕಣ್ಣಲ್ಲೇ ಅಳೆಯುತ್ತಿದ್ದ. ಮುಖದಲ್ಲಿ ಬೆಳಗ್ಗಿನ ಸಂತೋಷ ಪೂರ್ತಿ ವಾಪಸು ಬಂದಿತ್ತು. “ಮೂವರಿಗೆ ಜಾಗ ಆಗುತ್ತೆ ಕಣೇ. ಇವನನ್ನ ಓರೆಯಾಗಿ ಇಟ್ರೆ.”

ಸಂಜೆಯ ಹೊತ್ತಿಗೆ ಹಡಗು ದ್ವೀಪ ಮುಟ್ಟಿತು. ಅಕ್ಕ ವ್ಯಾನನ್ನು ಹಲಗೆಯ ಮೇಲಿಂದ ಕೆಳಗಿಳಿಸಿದಳು. ಮುಂದೆ ರಸ್ತೆ ಎರಡಾಗಿ ಒಡೆದಿತ್ತು. ಬಲಕ್ಕೆ ಒಂದು ದಿಬ್ಬ ಹತ್ತುತ್ತಿತ್ತು, ಎಡಕ್ಕೆ ಇನ್ನೊಂದು ನೀರಿನ ಬದಿಗೇ ಹೋಗುತ್ತಿತ್ತು. ಯಾವುದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಸುತರಾಂ ಗೊತ್ತಿರಲಿಲ್ಲ. ವಿಚಾರಣೆ ಕಿಟಕಿಯ ಮುಂದೆ ನಿಂತ ಯಾರೂ ಅಲ್ಲಿಂದ ಮುಂದಿನದನ್ನು ಕೇಳಿರಲೇ ಇಲ್ಲ. ಅವಳಿಗೆ ಮೈಯೆಲ್ಲ ಜುಮ್ಮೆಂದಿತು.

“ಬಲಕ್ಕೆ ಹೋದ್ರೆ ಒಳ್ಳೇದು ಅತ್ತೆ,” ಎಂದ ಅಳಿಯ ಹಿಂದಿನಿಂದ, ಬಾಯಲ್ಲಿ ಬನ್ನು ಇಟ್ಟುಕೊಂಡು. “ರಸ್ತೆ ಚೆನ್ನಾಗಿದೆ. ಗಾಡಿ ಹಾಳಾಗಲ್ಲ.”

ಅಕ್ಕ ಎಡಕ್ಕೆ ತಿರುಗಿಸಿದಳು.